ಇಪ್ಪತ್ತನಾಲ್ಕನೆಯ ಹಾಳೆ

ಅವನು ಮೂರನೇ ಸಲ ಕಿತ್ತಳೆ ತಂದಾಗ ಅವಳಿಗೆ ಅನುಮಾನ ಶುರುವಾಯಿತು.

ಆ ಕಾರ್ಖಾನೆಯಲ್ಲಿ ಅವಳದು ತಪಾಸಣೆಯ ಕೆಲಸ. ಅವಳ ಮೊಹರು ಬೀಳದೆ ಒಂದು ಹಲಗೆಯೂ ಗೇಟು ದಾಟುತ್ತಿರಲಿಲ್ಲ. ಹಾಗಾಗಿ ಎಲ್ಲರ ಬಾಯಲ್ಲೂ ಅವಳು ಮೊಹರು ಮೇಡಂ. ಆಸ್ಪತ್ರೆಯ ಸ್ಕ್ಯಾನಿಂಗ್ ಯಂತ್ರದೊಳಗೆ ರೋಗಿಯನ್ನು ಮಲಗಿಸಿ ತಳ್ಳುತ್ತಾರಲ್ಲ, ಆ ಕಪ್ಪು ಹಲಗೆಗಳು ಅಲ್ಲಿ ತಯಾರಾಗುತ್ತಿದ್ದವು. ಗ್ರಾಫೈಟ್ ನಾರಿನವು. ಪೆನ್ಸಿಲ್ ಕಡ್ಡಿಗೆ ದಾಯಾದಿಯಾದರೂ ಮುರಿಯುವ ಜಾತಿಯಲ್ಲ. ಎಂಥ ದಪ್ಪ ಆಳು ಮಲಗಿದರೂ ಬಾಗುವುದಿಲ್ಲ, ಎಕ್ಸ್-ರೇಗಂತೂ ಅಡ್ಡವೇ ಬರುವುದಿಲ್ಲ.

ಅವನು ಪದರ ಹಾಕುವವನು. ಅಂಟು ಕುಡಿದ ಕಪ್ಪು ಬಟ್ಟೆಯನ್ನು ಫ್ರೀಜರಿನಿಂದ ತೆಗೆದು, ಅಳತೆಗೆ ಕತ್ತರಿಸಿ, ಬೆನ್ನಿಗಿದ್ದ ನೀಲಿ ಪ್ಲಾಸ್ಟಿಕ್ ಹಾಳೆ ಸುಲಿದು ಅಚ್ಚಿನ ಮೇಲೆ ಹಾಸುತ್ತಿದ್ದ. ಒಂದು ಪದರ ಉದ್ದಕ್ಕೆ, ಮೇಲಿನದು ಅಡ್ಡಕ್ಕೆ, ಅದರ ಮೇಲಿನದು ಓರೆಗೆ. ಇಪ್ಪತ್ತು ದೊಡ್ಡವು, ತುದಿಯ ತಿರುವಿಗೆ ಬಲ ಬರಲೆಂದು ಅಂಗೈಯಗಲದ ನಾಲ್ಕು. ಮೇಲೆ ಚೀಲ ಹೊದಿಸಿ, ಒಳಗಿನ ಗಾಳಿಯನ್ನೆಲ್ಲ ಎಳೆದು, ಕೋಣೆಯಷ್ಟು ದೊಡ್ಡ ಕುಕ್ಕರಿನಲ್ಲಿ ಬೇಯಿಸಿದರೆ ಅಷ್ಟೂ ಪದರ ಸೇರಿ ಒಂದೇ ಹಲಗೆ.

ಕಿತ್ತಳೆಯನ್ನೂ ಅವನು ಹಾಗೆಯೇ ಸುಲಿಯುತ್ತಿದ್ದ, ನಿಧಾನವಾಗಿ, ಸಿಪ್ಪೆ ಎಲ್ಲೂ ಹರಿಯದಂತೆ. ಅರ್ಧ ಅವಳ ಮೇಜಿನ ಮೇಲಿಟ್ಟು, ಕಣ್ಣಂಚಿನಲ್ಲಿ ಒಮ್ಮೆ ಅವಳನ್ನು ನೋಡಿ, ನೋಡೇ ಇಲ್ಲವೆಂಬಂತೆ ಗೋಡೆಯ ಕ್ಯಾಲೆಂಡರ್ ಓದುತ್ತಿದ್ದ. ಅದು ಹೋದ ವರ್ಷದ ಕ್ಯಾಲೆಂಡರ್.

ಅವಳು ಇದ್ದದ್ದು ಅಕ್ಕನ ಮನೆಯಲ್ಲಿ. ಅಕ್ಕನಿಗೆ ಹೇಳಿದ್ದೇ ತಪ್ಪಾಯಿತು.

"ಬೆಳ್ಳಗಿರೋದೆಲ್ಲ ಹಾಲಲ್ಲ ಕಣೇ. ಇವತ್ತು ಹಣ್ಣು ಕೊಟ್ಟ, ನಾಳೆ ಮೊಹರು ಕೇಳ್ತಾನೆ."

ಅಕ್ಕನ ಮಾತು ಸುಳ್ಳೆನ್ನುವಂತಿರಲಿಲ್ಲ. ಹಿಂದಿನ ಕೆಲಸದಲ್ಲಿ ಒಬ್ಬ ಸೆಕ್ಷನ್ ಮುಖ್ಯಸ್ಥ ಮದುವೆಯ ಮಾತಾಡಿ, ಆರು ತಿಂಗಳು ಸರಿಯಿಲ್ಲದ ಮಾಲಿಗೆಲ್ಲ ಅವಳ ಸಹಿ ಹಾಕಿಸಿಕೊಂಡಿದ್ದ. ವರ್ಗವಾದ ಮೇಲೆ ಅವನು ಫೋನು ಕೂಡ ಎತ್ತಲಿಲ್ಲ. ಹಾಲಲ್ಲಿ ಬಾಯಿ ಸುಟ್ಟುಕೊಂಡವಳು ಮಜ್ಜಿಗೆಯನ್ನೂ ಊದಿ ಕುಡಿಯದೆ ಏನು ಮಾಡುತ್ತಾಳೆ?

ಮಾರನೆಯ ದಿನದಿಂದ ಅವನ ಹಲಗೆಗಳಿಗೆ ಎರಡೆರಡು ಸಲ ತಪಾಸಣೆ. ಜೆಲ್ ಸವರಿ, ಶಬ್ದದ ಅಲೆ ಕಳಿಸುವ ಪ್ರೋಬನ್ನು ಇಂಚಿಂಚಿಗೂ ಆಡಿಸಿದಳು. ಒಳಗೆ ಬಿರುಕೋ ಗಾಳಿಗುಳ್ಳೆಯೋ ಇದ್ದರೆ ಸ್ಕ್ರೀನಿನ ಗೆರೆ ನೆಗೆಯಬೇಕು. ಒಂದೂ ನೆಗೆಯಲಿಲ್ಲ. ಅವಳ ಅನುಮಾನ ಇನ್ನೂ ಹೆಚ್ಚಾಯಿತು. ಇಷ್ಟು ಚೊಕ್ಕವಾಗಿ ಯಾರಾದರೂ ಕೆಲಸ ಮಾಡುತ್ತಾರೆಯೇ?

ಬುಧವಾರ ಅವಳು ಹಲಗೆಯ ಮೇಲೆ ಪ್ರೋಬ್ ಆಡಿಸುತ್ತಿದ್ದಾಗ ಅವನು ಪಕ್ಕದಲ್ಲೇ ನಿಂತು, ಕೆಲಸಕ್ಕೆ ಸೇರಿದ ಹೊಸತರಲ್ಲಿ ತನ್ನ ಕೈಗವಸನ್ನೇ ಚೀಲದೊಳಗೆ ಸೇರಿಸಿ ಬೇಯಿಸಿದ ಕಥೆ ಹೇಳಿದ. ಬೇಡ ಬೇಡವೆಂದರೂ ನಗು ಬಂತು. ಅವಳು ನಕ್ಕದ್ದನ್ನು ಕಂಡು ಅವನು ತಲೆ ತಗ್ಗಿಸಿದ. ಕೆನ್ನೆಯಲ್ಲಿ ಸಣ್ಣ ಗುಳಿ ಮೂಡಿ ಮಾಯವಾಯಿತು. ಅಂದು ಎರಡನೆಯ ಸಲ ನೋಡದೆಯೇ ಅವಳು ಮೊಹರು ಒತ್ತಿದಳು.

ಶುಕ್ರವಾರ ಬೆಳಿಗ್ಗೆ ಅವನು ಏದುಸಿರು ಬಿಡುತ್ತ ಬಂದ. ಕೈಯಲ್ಲಿ ನೀಲಿ ಹಾಳೆಗಳ ಚೀಲ.

"ಮೇಡಂ, ಲಾರಿ ನಿಲ್ಲಿಸಿ. ಬುಧವಾರದ ಹಲಗೆ ಹೋಗಬಾರದು."

ಸುಲಿದ ಹಾಳೆಗಳನ್ನು ಎಣಿಸಿಡುವುದು ಅಲ್ಲಿನ ನಿಯಮ. ಆ ಹಲಗೆಗೆ ಇಪ್ಪತ್ತನಾಲ್ಕು ಎಂದು ಬರೆದಿದ್ದ. ಈಗ ಎಸೆಯಲು ಹೋದಾಗ, ಚಿಕ್ಕ ಹಾಳೆ ಎಂದುಕೊಂಡಿದ್ದ ಒಂದು ತುಂಡು ದೊಡ್ಡ ಹಾಳೆಯಿಂದ ಹರಿದ ಮೂಲೆಯೆಂದು ಗೊತ್ತಾಗಿತ್ತು. ಹಾಗಾದರೆ ತಿರುವಿನ ಒಂದು ಚಿಕ್ಕ ಹಾಳೆ ಹಲಗೆಯೊಳಗೇ ಉಳಿದಿದೆ. ಅದು ಉಳಿದಲ್ಲಿ ಪದರಗಳು ಒಂದಕ್ಕೊಂದು ಕಚ್ಚುವುದಿಲ್ಲ. ಇಂದಲ್ಲ ನಾಳೆ, ರೋಗಿ ಮಲಗಿದ್ದಾಗಲೇ ಬಿಟ್ಟುಕೊಳ್ಳಬಹುದು.

ಅವಳಿಗೆ ಮೊದಲು ಬಂದದ್ದು ಭಯವಲ್ಲ, ಅನುಮಾನ. ಹಲಗೆಯ ಮೇಲಿರುವುದು ತನ್ನ ಮೊಹರು. ತನ್ನನ್ನು ಸಿಕ್ಕಿಸಲು ಇವನು ಯಾರ ಮಾತು ಕೇಳಿ ಬಂದಿದ್ದಾನೆ?

"ಬರೆದು ಕೊಡ್ತೀರಾ?" ಎಂದಳು.

ಅವನು ನಿಂತಲ್ಲೇ ಬರೆದ. ತಪ್ಪು ತನ್ನದೆಂದು ಬರೆದು ಸಹಿ ಹಾಕಿದ.

ಲಾರಿಯಿಂದ ಹಲಗೆ ಇಳಿಸಿದರು. ಅವಳು ತುದಿಯ ತಿರುವಿನ ಮೇಲೆ ಪ್ರೋಬನ್ನು ನಿಧಾನವಾಗಿ ಎಳೆದಳು. ಗೆರೆ ನೆಗೆಯಿತು. ಗರಗಸದಲ್ಲಿ ಕೊಯ್ದು ನೋಡಿದರೆ, ಕಪ್ಪು ಪದರಗಳ ನಡುವೆ ಕೂದಲೆಳೆಯಷ್ಟು ತೆಳ್ಳಗೆ ನೀಲಿ.

ಮ್ಯಾನೇಜರ್ ಕೂಗಾಡಲಿಲ್ಲ. ಅವನನ್ನು ಪದರದ ಕೆಲಸದಿಂದ ಬಿಡಿಸಿ ಒಂದು ತಿಂಗಳು ಕತ್ತರಿಸುವ ಮೇಜಿಗೆ ಹಾಕಿದರು. ಅವಳ ಮೊಹರನ್ನು ಮೂರು ತಿಂಗಳ ಮಟ್ಟಿಗೆ ತೆಗೆದುಕೊಂಡು, ಅವಳನ್ನು ಚೀಟಿ ಪಡೆದು ಸಾಮಾನು ಕೊಡುವ ಸ್ಟೋರಿಗೆ ಕಳಿಸಿದರು. ತಿರುವಿನ ದೋಷ ಹೇಗೆ ಕಣ್ತಪ್ಪಿತೆಂದು ಕೇಳಿದಾಗ ಅವಳು ಗಮನ ಬೇರೆ ಕಡೆ ಇತ್ತೆಂದಷ್ಟೇ ಹೇಳಿದಳು.

ಒಂದು ವಾರ ಅವನ ಸುಳಿವಿಲ್ಲ. ಮೊಹರು ಹೋಯಿತು, ಮನುಷ್ಯನೂ ಹೋದ ಎಂದು ಅಕ್ಕ ತೀರ್ಪು ಕೊಟ್ಟಳು. ಅವಳು ಅರ್ಧ ಉಂಡ ತಟ್ಟೆ ಎತ್ತಿಕೊಂಡು ಎದ್ದಳು. ಇಷ್ಟು ದಿನ ಅವನು ಬಂದದ್ದಕ್ಕೆ ಅನುಮಾನ ಪಟ್ಟವಳಿಗೆ ಈಗ ಬಾರದ್ದೇ ಚುಚ್ಚುತ್ತಿತ್ತು.

ಎಂಟನೆಯ ದಿನ ಸ್ಟೋರಿನ ಕಿಟಕಿಯಲ್ಲಿ ಅವನ ಮುಖ ಕಂಡಿತು.

"ಚೀಟಿ ಎಲ್ಲಿ?" ಅವಳ ದನಿ ಬಿಗಿಯಾಗಿತ್ತು.

ಚೀಟಿ ಇರಲಿಲ್ಲ. ತನ್ನಿಂದ ಅವಳ ಮೊಹರು ಹೋಯಿತು, ಯಾವ ಮುಖ ಹೊತ್ತು ಬರುವುದೆಂದು ಇಷ್ಟು ದಿನ ಹಿಂಜರಿದದ್ದಾಗಿ ಅವನು ತಡವರಿಸುತ್ತ ಹೇಳಿದ.

"ನಿಮ್ಮಿಂದ ಹೋಗಿಲ್ಲ. ತಿರುವಿನ ಹತ್ತಿರ ಬಂದಾಗ ನಾನು ಸ್ಕ್ರೀನ್ ನೋಡ್ತಾ ಇರಲಿಲ್ಲ."

"ಮತ್ತೇನು ನೋಡ್ತಿದ್ರಿ?"

"ನಿಮ್ಮನ್ನ."

ಅವನ ಕಿವಿ ಕೆಂಪಾಯಿತು. ಓದೋಣವೆಂದರೆ ಸ್ಟೋರಿನ ಗೋಡೆಯಲ್ಲಿ ಕ್ಯಾಲೆಂಡರೂ ಇರಲಿಲ್ಲ.

"ನಿಮ್ಮನ್ನ ಒಂದು ಮಾತು ಕೇಳಬೇಕಿತ್ತು. ಮೊಹರು ಇದ್ದಾಗ ಕೇಳಿದ್ರೆ ಲಂಚ ಅಂದ್ಕೊಳ್ತಿದ್ರಿ."

"ಕೇಳದೇ ಇದ್ದಾಗಲೂ ಹಾಗೇ ಅಂದ್ಕೊಂಡಿದ್ದೆ," ಅವಳು ಮೆಲ್ಲಗೆ ಹೇಳಿದಳು. "ಇನ್ನು ಮೂರು ತಿಂಗಳು ನನ್ನ ಹತ್ತಿರ ಮೊಹರಿಲ್ಲ. ಕೇಳೋದಿದ್ರೆ ಅಷ್ಟರಲ್ಲಿ ಕೇಳಿ ಮುಗಿಸಿ."

ಅವನಿಗೆ ಮೂರು ನಿಮಿಷವೂ ಬೇಕಾಗಲಿಲ್ಲ. ಹಿಂದೆ ಚೀಟಿ ಹಿಡಿದು ನಿಂತಿದ್ದ ಇಬ್ಬರು ಕೇಳಿಸಿಕೊಳ್ಳುತ್ತಿದ್ದಾರೆಂಬ ಪರಿವೆಯೂ ಇಲ್ಲದೆ, ನನ್ನನ್ನು ಮದುವೆಯಾಗ್ತೀರಾ ಎಂದು ಕೇಳಿಬಿಟ್ಟ.

ಅವಳು ಲೆಡ್ಜರಿನ ಮೇಲೆ ಬಗ್ಗಿ ಏನೋ ಬರೆಯುವವಳಂತೆ ನಟಿಸಿದಳು. ಪೆನ್ನಿನ ಮುಚ್ಚಳ ಇನ್ನೂ ತೆಗೆದಿರಲಿಲ್ಲ.

"ಭಾನುವಾರ ಮನೆಗೆ ಬನ್ನಿ. ಅಕ್ಕ ಬಾಗಿಲಲ್ಲೇ ನಿಲ್ಲಿಸಿ ನೂರು ಪ್ರಶ್ನೆ ಕೇಳ್ತಾಳೆ. ಎಲ್ಲದಕ್ಕೂ ನಿಜಾನೇ ಹೇಳಿ. ನಾನು ಒಳಗೇ ಇರ್ತೀನಿ."