ಬೋರ್ಡಿನಲ್ಲಿ ಉಳಿದುಹೋದ ಮೂರು

"ಬೋರ್ಡಿನಲ್ಲಿ ಮೂರು ಅಂತ ಇತ್ತಾ?"

ಡೆಲ್ಫಿನ್ ಬೆಚ್ಚಿ ನಿಂತಳು. ಆಟಗಾರರು ಬಟ್ಟೆ ಬದಲಿಸುವ ಕೋಣೆಯ ಹೊರಗೆ, ತಣ್ಣನೆಯ ಸಿಮೆಂಟ್ ನೆಲದ ಮೇಲೆ ಅವನೊಬ್ಬನೇ ಕೂತಿದ್ದ. ಆಟ ಮುಗಿದು ಅರ್ಧ ಗಂಟೆಯಾಗಿತ್ತು, ಇನ್ನೂ ಹೆಲ್ಮೆಟ್ ತೆಗೆದಿರಲಿಲ್ಲ. ಅದರ ಸರಳುಗಳ ಹಿಂದೆ ಎರಡು ಕಂದು ಕಣ್ಣು... ಅತ್ತು ಒರೆಸಿಕೊಂಡ ಕಣ್ಣು.

ಅವನು ವೆಂಡೆಲ್ ಟ್ರಸ್ಕಾಟ್. ಕಾನ್ಸಾಸಿನಿಂದ ಬಂದ ಸೋಲಮನ್ ವ್ಯಾಲಿ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್. ವಯಸ್ಸು ಇಪ್ಪತ್ತೆರಡು. ಇಡೀ ಕ್ರೀಡಾಂಗಣ ಅವನತ್ತ ನಾಲ್ಕು ಬೆರಳು ಎತ್ತಿ, "ಎಣಿಸೋಕೆ ಬರಲ್ವೇನೋ?" ಎಂದು ಕೂಗಿ ಈಗಷ್ಟೇ ಮನೆಗೆ ಹೋಗಿತ್ತು.

"ನಿನ್ನನ್ನೇ ಕೇಳಿದ್ದು. ನಾನು ತಲೆ ಎತ್ತಿ ನೋಡ್ದಾಗ ಬೋರ್ಡಲ್ಲಿ ಮೂರು ಇತ್ತು. ಯಾರೂ ನಂಬ್ತಿಲ್ಲ. ನೀನು ನೋಡಿದ್ಯಾ?"

ನೋಡುವುದೇನು ಬಂತು... ಆ ಮೂರನ್ನು ಅಲ್ಲಿ ಬಿಟ್ಟವಳೇ ಅವಳು! ಹೇಳಿಬಿಡಬೇಕೆಂದೇ ನಾಲ್ಕು ಮಹಡಿ ಇಳಿದು ಓಡಿ ಬಂದಿದ್ದಳು. ಹತ್ತೊಂಬತ್ತು ವರ್ಷದ ಹುಡುಗಿ ಆ ಹೊತ್ತಿಗೆ ಸರಿಯಾಗಿ ಹೆದರಿಬಿಟ್ಟಳು.

"ನಾನು... ನೋಡಲಿಲ್ಲ."

ಅವನು ನಿಧಾನವಾಗಿ ತಲೆಯಾಡಿಸಿದ. "ಹಾಗಾದ್ರೆ ನನ್ನ ಕಣ್ಣೇ ಸರಿ ಇಲ್ಲ ಬಿಡು."

ಅವಳ ಅಂಗಿಯ ಜೇಬಿನಲ್ಲಿ ಒಂದು ಸತ್ಸುಮಾ ಕಿತ್ತಳೆ ಇತ್ತು. ಅದನ್ನು ಅವನ ಕೈಗಿಟ್ಟು, ತಿರುಗಿ ನೋಡದೆ ಓಡಿದಳು.

*

ಪಾಯಿಂಟ್ ಸೊರೆಲ್ ಎಂಬ ನಮ್ಮ ಊರಿಗೆ ಎರಡೇ ಹೆಮ್ಮೆ. ಒಂದು ಸತ್ಸುಮಾ ಹಣ್ಣು, ಇನ್ನೊಂದು ವರ್ಷದ ಕೊನೆಗೆ ನಡೆಯುವ ಸತ್ಸುಮಾ ಬೌಲ್ ಎಂಬ ಕಾಲೇಜು ಫುಟ್‌ಬಾಲ್ ಪಂದ್ಯ. ಟಿವಿಯವರು ತಿರುಗಿಯೂ ನೋಡದ ಸಣ್ಣ ಬೌಲ್ ಅದು. ರೇಡಿಯೋ ಒಂದೇ ಗತಿ. ಆದರೂ ಆ ವಾರ ಊರಿನ ಹಿರಿಯರೆಲ್ಲ ಕಿತ್ತಳೆ ಬಣ್ಣದ ಕೋಟು ತೊಟ್ಟು, ಮದುವೆ ಮನೆಯವರಂತೆ ಓಡಾಡುತ್ತಾರೆ.

ಡೆಲ್ಫಿನ್‌ಳ ಚಿಕ್ಕಪ್ಪ ತಿಯೋ ಅಂಥ ಒಬ್ಬ ಕೋಟಿನವನು. ಗ್ಯಾಲರಿಯ ತುದಿಯ ಗಾಜಿನ ಕೋಣೆಯಲ್ಲಿ ಕೂತು ಸ್ಕೋರ್ ಬೋರ್ಡ್ ನಡೆಸುವುದು ಅವನ ಕೆಲಸ. ಅಂಕ ಮತ್ತು ಗಡಿಯಾರ ಅವನದು. ಎಷ್ಟನೇ ಅವಕಾಶ ಎಂಬ ಅಂಕಿ ಒತ್ತುವುದು ಡೆಲ್ಫಿನ್‌ಳದು. ನಾಲ್ಕು ಅವಕಾಶದಲ್ಲಿ ಹತ್ತು ಗಜ ದಾಟಬೇಕು, ದಾಟದಿದ್ದರೆ ಚೆಂಡು ಎದುರಾಳಿಗೆ. ಒಂದು, ಎರಡು, ಮೂರು, ನಾಲ್ಕು. ಇಷ್ಟೇ ಅವಳು ಒತ್ತಬೇಕಾದದ್ದು.

ಆ ದಿನ, 1993ರ ಡಿಸೆಂಬರ್ ಮೂವತ್ತೊಂದರ ಮಧ್ಯಾಹ್ನ, ಅರ್ಧ ಆಟ ಮುಗಿದಾಗ ಟೆನೆಸಿಯ ತಂಡ ಇಪ್ಪತ್ತೆಂಟು, ಸೋಲಮನ್ ವ್ಯಾಲಿ ಮೂರು. ಜನ ಎದ್ದು ಹೊರಡಲು ಶುರುಮಾಡಿದ್ದರು. ಹೋದವರು ಆಮೇಲೆ ತಲೆ ಚಚ್ಚಿಕೊಂಡರು.

ಯಾಕೆಂದರೆ ವೆಂಡೆಲ್ ಸೋಲೊಪ್ಪಲು ಸಿದ್ಧನಿರಲಿಲ್ಲ. ಅವನನ್ನು ಬೀಳಿಸುತ್ತಿದ್ದರು, ಎದ್ದು ಬರುತ್ತಿದ್ದ. ಮೂಗಲ್ಲಿ ರಕ್ತ, ಒಂದು ಕಾಲು ಎಳೆಯುತ್ತಿದ್ದ, ಆದರೂ ಎಸೆದ ಚೆಂಡು ಹೇಳಿದ ಜಾಗಕ್ಕೆ ಹೋಗಿ ಬೀಳುತ್ತಿತ್ತು. ಹತ್ತಾಯಿತು. ಹದಿನೇಳಾಯಿತು. ನಾಲ್ಕನೆಯ ಹಾಗೂ ಕೊನೆಯ ಭಾಗ ಶುರುವಾದಾಗ ಎಲ್ಲ ಆಟಗಳಲ್ಲೂ ಮಾಡುವಂತೆ ಇಡೀ ಕ್ರೀಡಾಂಗಣ ನಾಲ್ಕು ಬೆರಳು ಎತ್ತಿ ನಿಂತಿತು. ಅದರಲ್ಲಿ ಇಪ್ಪತ್ನಾಲ್ಕೂ ಆಯಿತು!

'ಇವನು ಯಾವ ಮಣ್ಣಿನವನು?' ಡೆಲ್ಫಿನ್ ಗಾಜಿಗೆ ಮೂಗು ಒತ್ತಿ ನೋಡುತ್ತಿದ್ದಳು.

ಗೆಲ್ಲಲು ನಾಲ್ಕಕ್ಕಿಂತ ಹೆಚ್ಚು ಅಂಕ ಬೇಕು, ಅಂದರೆ ಚೆಂಡು ಮೈದಾನದ ಕೊನೆಯ ಗೆರೆ ದಾಟಬೇಕು. ಉಳಿದದ್ದು ಹದಿನೈದು ಸೆಕೆಂಡು. ಮೂರನೇ ಅವಕಾಶದಲ್ಲಿ ವೆಂಡೆಲ್ ತಾನೇ ಚೆಂಡು ಹಿಡಿದು ಓಡಿದ. ಗೆರೆಗೆ ಆರು ಗಜ ಇರುವಾಗ ಇಬ್ಬರು ಅವನನ್ನು ನೆಲಕ್ಕೆ ಕೆಡವಿದರು. ದಾಟಬೇಕಾದ ಹತ್ತು ಗಜಕ್ಕೆ ಒಂದು ಗಜ ಕಡಿಮೆಯಾಯಿತು. ಗಡಿಯಾರ ಓಡುತ್ತಲೇ ಇತ್ತು.

ಅವನು ಏಳಲಿಲ್ಲ.

ಡೆಲ್ಫಿನ್‌ಳ ಕಣ್ಣು ಅವನ ಮೇಲೆಯೇ ನಿಂತಿತು. ಎದ್ದೇಳು... ಎದ್ದೇಳು... ಅವಳ ಬೆರಳು ಗುಂಡಿಯ ಮೇಲೆಯೇ ಇತ್ತು, ಒತ್ತಲಿಲ್ಲ.

ಅವನು ಎದ್ದ. ತೂರಾಡುತ್ತ ತಲೆ ಎತ್ತಿ ಬೋರ್ಡ್ ನೋಡಿದ. ಮೂರು ಎಂದಿತ್ತು; ಇದಾದ ಮೇಲೂ ಒಂದು ಉಳಿದಿದೆ ಎಂದುಕೊಂಡ. ಒಂದು ಅವಕಾಶ ಖರ್ಚಾದರೂ ಗಡಿಯಾರ ನಿಂತೀತು ಎಂದು ಚೆಂಡನ್ನು ನೆಲಕ್ಕೆ ಬಡಿದ. ಗಡಿಯಾರ ಐದರಲ್ಲಿ ನಿಂತಿತು.

ಆದರೆ ಅದು ನಾಲ್ಕನೆಯದು. ಚೆಂಡು ಎದುರಾಳಿಗೆ ಹೋಯಿತು, ಆಟ ಮುಗಿಯಿತು.

ಚಿಕ್ಕಪ್ಪ ಬೋರ್ಡ್ ನೋಡಿ, ಅವಳನ್ನು ನೋಡಿ, ಕೈ ಚಾಚಿ ಅಂಕಿ ಅಳಿಸಿಬಿಟ್ಟ. "ಏನೂ ಆಗಿಲ್ಲ. ಮೈದಾನದ ಅಂಚಲ್ಲಿ ಅಂಕಿ ಇರೋ ಕಂಬ ಹಿಡ್ಕೊಂಡು ಒಬ್ಬ ನಿಂತಿರ್ತಾನಲ್ಲ, ಲೆಕ್ಕ ಅಂದ್ರೆ ಅದು. ಅವನು ಕಂಬ ನೋಡ್ಬೇಕಿತ್ತು. ಬಾಯಿ ಬಿಟ್ರೆ ನೋಡು ಮತ್ತೆ."

*

ಎಂಟೂವರೆ ವರ್ಷದ ಮೇಲೆ, ಡೆಲ್ಫಿನ್‌ಳ ಸಸಿ ಅಂಗಡಿಯ ಮುಂದೆ ಹಳೇ ಪಿಕಪ್ ಟ್ರಕ್ ಒಂದು ಬಂದು ನಿಂತಿತು. ಇಳಿದವನು ಸ್ವಲ್ಪ ಕುಂಟುತ್ತಿದ್ದ.

"ಒಂದು ಸತ್ಸುಮಾ ಗಿಡ ಬೇಕಿತ್ತು. ಇಲ್ಲಿನ ಹೈಸ್ಕೂಲಿಗೆ ಬಂದಿದ್ದೀನಿ. ಫುಟ್‌ಬಾಲ್ ಕಲಿಸ್ತೀನಿ, ಜೊತೆಗೆ..." ಅವನು ನಕ್ಕ. "ಗಣಿತ. ನಗಬೇಡಿ."

ಅವಳು ನಗಲಿಲ್ಲ. ಕೈಯಲ್ಲಿದ್ದ ನೀರಿನ ಪೈಪು ಅವಳ ಚಪ್ಪಲಿಯನ್ನೇ ತೋಯಿಸುತ್ತಿತ್ತು.

ವೆಂಡೆಲ್ ಹತ್ತಿರ ಬಂದು ಅವಳ ಮುಖವನ್ನೇ ನೋಡಿದ. "ತಾಳು... ಆವತ್ತು ಹಣ್ಣು ಕೊಟ್ಟವಳು ನೀನು."

"ನೆನಪಿದ್ಯಾ?"

"ಆವತ್ತು ನನಗೆ ಬೈಯದೇ ಇದ್ದವಳು ನೀನೊಬ್ಬಳೇ. ಹೇಗೆ ಮರೀಲಿ?"

ಆ ಮಾತು ಅವಳಿಗೆ ಚುಚ್ಚಿದಷ್ಟು ಊರಿನ ಯಾವ ಬೈಗುಳವೂ ಅವನಿಗೆ ಚುಚ್ಚಿರಲಾರದು. ಎಲ್ಲ ಬಿಟ್ಟು ಇದೇ ಊರಿಗೆ ಯಾಕೆ ಬಂದೆ ಎಂದು ಕೇಳಿದಳು. "ಬಿದ್ದ ಜಾಗದಲ್ಲೇ ಎದ್ದು ನಿಂತ್ರೆ ಆಮೇಲೆ ಎಲ್ಲಿ ಬೇಕಾದ್ರೂ ನಿಲ್ಲಬಹುದು" ಎಂದ.

ಗಿಡಕ್ಕೆ ಗೊಬ್ಬರ ಕೇಳಲು ಬಂದ. ಗೊಬ್ಬರ ಹೆಚ್ಚಾಯಿತಾ ಎಂದು ಕೇಳಲು ಬಂದ. ಗಿಡ ಸರಿಯಾಗಿದೆ ಎಂದು ಹೇಳಲೂ ಬಂದ! ಚಳಿಗಾಲದ ಹೊತ್ತಿಗೆ ಅವಳ ಅಡುಗೆಮನೆಯಲ್ಲಿ ಅವನಿಗೊಂದು ಕುರ್ಚಿ ಖಾಯಂ ಆಗಿತ್ತು. ಸೀಗಡಿ ಹಾಕಿದ ಗಂಬೋ ಸಾರು ಕುದಿಯುವ ಪಾತ್ರೆಯಲ್ಲಿ ಸೌಟು ತಿರುಗಿಸುವುದು ಅವನ ಪಾಲಿನ ಕೆಲಸ.

ಅಂಥ ಒಂದು ಸಂಜೆ ಸೌಟು ತಿರುಗಿಸುತ್ತಲೇ ಕೇಳಿದ, "ನನ್ನ ಮದುವೆ ಆಗ್ತೀಯಾ?"

"ಸ್ವಲ್ಪ ದಿನ ಕೊಡು, ವೆಂಡೆಲ್."

ಬೇಸಿಗೆಯಲ್ಲಿ ಮೀನು ಹಿಡಿಯಲು ಹೋದಾಗ ದೋಣಿಯಲ್ಲಿ ಮತ್ತೆ ಕೇಳಿದ. ಅವಳು ಮತ್ತೆ ಅದನ್ನೇ ಹೇಳಿದಳು. ಹೂಂ ಎನ್ನಲು ಜೀವ ತುಡಿಯುತ್ತಿತ್ತು... ಆದರೆ ಆ ಮೂರನ್ನು ಎದೆಯಲ್ಲಿಟ್ಟುಕೊಂಡು ಹೂಂ ಎನ್ನುವುದು ಹೇಗೆ? ಹೇಳಿದರೆ ಅವನು ಉಳಿಯುತ್ತಾನೆಯೇ?

ಆ ವರ್ಷ, 2003ರಲ್ಲಿ, ಬೌಲ್‌ಗೆ ನಾಲ್ಕು ದಿನ ಮೊದಲು ಅಂಗಡಿಯ ಹಿಂದಿನ ಸಾಲು ಗಿಡಗಳ ನಡುವೆ ಮೂರನೇ ಸಲ ಕೇಳಿದ. ಅವಳು ತಲೆ ತಗ್ಗಿಸಿದಳು.

"ಅರ್ಥ ಆಯ್ತು ಬಿಡು. ಮೊನ್ನೆ ಅಂಗಡೀಲಿ ಯಾರೋ ಗಿರಾಕಿ ನನ್ನ ಅಣಕಿಸೋಕೆ ನಾಲ್ಕು ಬೆರಳು ತೋರಿಸ್ದಾಗ ನೀನು ಬೇರೆ ಕಡೆ ತಿರುಗಿದೆ. ಎಣಿಸೋಕೆ ಬರದವನ ಹೆಂಡ್ತಿ ಅನ್ನಿಸ್ಕೊಳ್ಳೋಕೆ ನಾಚಿಕೆ, ಅಲ್ವಾ?"

"ಅಲ್ಲ! ಬೋರ್ಡಲ್ಲಿ ಮೂರೇ ಇತ್ತು, ವೆಂಡೆಲ್. ನಿನ್ನ ಕಣ್ಣು ಸರಿಯಾಗೇ ಇತ್ತು. ಆ ಗುಂಡಿ ಒತ್ತಬೇಕಾದವಳು ನಾನು. ಒತ್ತಲಿಲ್ಲ."

ಅವನು ಎರಡು ಹೆಜ್ಜೆ ಹಿಂದೆ ಸರಿದ.

"ನಾನು ನಿನ್ನನ್ನೇ ಕೇಳಿದ್ದೆ."

"ಹೂಂ."

"ನೋಡಲಿಲ್ಲ ಅಂದೆ."

"ಹೂಂ... ಸುಳ್ಳು ಹೇಳಿದೆ."

"ಆವತ್ತು ಅಪ್ಪ ಊರಲ್ಲಿ ರೇಡಿಯೋ ಕೇಳ್ತಿದ್ರು. ಫೋನ್ ಮಾಡಿ ಬೋರ್ಡಲ್ಲಿ ಮೂರಿತ್ತು ಅಂದೆ. 'ಸೋತ್ರೆ ಸೋತೆ ಅನ್ನು, ನೆಪ ಹೇಳ್ಬೇಡ' ಅಂದು ಫೋನ್ ಇಟ್ರು. ಆಮೇಲೆ ಇಲ್ಲೀತನಕ ನನ್ನ ಜೊತೆ ಫುಟ್‌ಬಾಲ್ ಮಾತೇ ಆಡಿಲ್ಲ. ನಾನು ಕಲಿಸೋ ಮಕ್ಕಳ ಒಂದು ಆಟಕ್ಕೂ ಬಂದಿಲ್ಲ. ನೀನು ಒಂದು ಮಾತು ಹೇಳಿದ್ರೆ ಸಾಕಿತ್ತು, ಡೆಲ್ಫಿನ್. ತಪ್ಪು ಯಾರಾದ್ರೂ ಮಾಡ್ತಾರೆ. ಆದ್ರೆ ಹತ್ತು ವರ್ಷ..."

ಟ್ರಕ್ ಹೊರಟುಹೋಯಿತು. ಅವಳು ಗಿಡಗಳ ನಡುವೆ ಕುಸಿದು ಕೂತು ಅತ್ತಳು. ಅಳಲಿ ಬಿಡಿ, ಅಷ್ಟಕ್ಕೆ ಅವಳು ಅರ್ಹಳೇ. ಆದರೆ ಅತ್ತು ಮುಗಿಸಿ ಎದ್ದಳಲ್ಲ, ಈ ಕಥೆ ಹೇಳುವ ನನಗೆ ಅವಳ ಮೇಲೆ ಪ್ರೀತಿ ಹುಟ್ಟಿದ್ದು ಅಲ್ಲಿ.

*

ಮರುದಿನ ಬೆಳಗ್ಗೆ ಕಾನ್ಸಾಸಿಗೆ ಫೋನ್ ಮಾಡಿದಳು. ವೆಂಡೆಲ್‌ನ ತಂದೆ ಆರಿನ್ ಎತ್ತಿದರು. ಅವಳು ಒಂದೇ ಉಸಿರಿಗೆ ಎಲ್ಲ ಹೇಳಿ, ಬೈಗುಳಕ್ಕೆ ಕಾದಳು.

"ರೇಡಿಯೋದಲ್ಲಿ ಬೋರ್ಡ್ ಕಾಣಲ್ಲಮ್ಮ" ಎಂದರು ಆ ಕಡೆಯಿಂದ. "ಆದ್ರೆ ಮಗ ಹೇಳಿದ್ದ. ನಾನು ನಂಬಬೇಕಿತ್ತು."

"ತಪ್ಪು ನಂದು, ಸರ್."

"ನಿಂದೇ. ಇಲ್ಲ ಅನ್ನಲ್ಲ. ನಂದೂ ಒಂದಿದೆ. ಅವನು ಈ ಸಲ ಆಟ ನೋಡೋಕೆ ಹೋಗ್ತಾನಾ?"

"ಹತ್ತು ವರ್ಷ ಆಯ್ತಲ್ಲ, ಶಾಲೆ ಮಕ್ಕಳನ್ನ ಕರ್ಕೊಂಡು ಹೋಗ್ಲೇಬೇಕು ಅಂತಿದ್ದ. ಮಧ್ಯಾಹ್ನ ಎರಡಕ್ಕೆ."

"ಅವನ ಪಕ್ಕದ ಸೀಟು ನನಗೆ ಎತ್ತಿಡು. ದಾರಿ ಹದಿನಾಲ್ಕು ಗಂಟೆ. ಹಿಂದಿನ ದಿನಾನೇ ಹೊರಡ್ತೀನಿ."

ಬೌಲ್ ದಿನದ ಬೆಳಗಿನ ಉಪಾಹಾರಕ್ಕೆ ಕಿತ್ತಳೆ ಕೋಟಿನವರೆಲ್ಲ ಸೇರಿದ್ದರು. ಡೆಲ್ಫಿನ್ ಎದ್ದು ನಿಂತು, ಮೈಕಿನ ಮುಂದೆ, ಊರಿಗೆಲ್ಲ ಕೇಳುವಂತೆ ಅದೇ ಮಾತು ಹೇಳಿದಳು. ಚಮಚಗಳ ಸದ್ದು ನಿಂತಿತು. ಆಗ ಹಿಂದಿನ ಮೇಜಿನಿಂದ ಎಪ್ಪತ್ತು ದಾಟಿದ ಚಿಕ್ಕಪ್ಪ ತಿಯೋ ಕಷ್ಟಪಟ್ಟು ಎದ್ದ.

"ಅಳಿಸಿದ್ದು ನಾನು" ಎಂದ. "ಹುಡುಗಿಗೆ ಬಾಯಿ ಮುಚ್ಕೊಂಡಿರು ಅಂದಿದ್ದೂ ನಾನೇ." ಕೋಟು ಬಿಚ್ಚಿ ಮೇಜಿನ ಮೇಲಿಟ್ಟು ಕೂತ.

ಆ ಮಧ್ಯಾಹ್ನ, ಹತ್ತು ವರ್ಷದ ಮೇಲೆ ಮೊದಲ ಸಲ ಗಾಜಿನ ಕೋಣೆಯಲ್ಲಿ ಕೂತು ಅವಳು ಒಂದು ಅಂಕಿಯೂ ತಪ್ಪಲಿಲ್ಲ. ಕೊನೆಯ ಭಾಗಕ್ಕೆ ಜನ ನಾಲ್ಕು ಬೆರಳು ಎತ್ತಿದಾಗ ಕೆಳಗೆ ಹನ್ನೆರಡನೇ ಸಾಲು ನೋಡಿದಳು. ಟೋಪಿ ಹಾಕಿದ ಒಬ್ಬ ಮುದುಕ ಕೈ ಎತ್ತಿದ್ದ. ಅವನ ಪಕ್ಕದಲ್ಲಿ ವೆಂಡೆಲ್ ಸುಮ್ಮನೆ ಕೂತಿದ್ದ. ಮುದುಕ ಏನೋ ಹೇಳಿದ. ವೆಂಡೆಲ್ ಕಣ್ಣೊರೆಸಿಕೊಂಡು ಎದ್ದು, ತಾನೂ ನಾಲ್ಕು ಬೆರಳು ಎತ್ತಿದ. ಡೆಲ್ಫಿನ್‌ಗೆ ಮುಂದಿನದೆಲ್ಲ ಮಂಜುಮಂಜಾಗಿ ಕಂಡಿತು.

*

ಗ್ಯಾಲರಿ ಖಾಲಿಯಾಯಿತು. ಬಿಸಿಲು ಇನ್ನೂ ಮೈದಾನದ ಮೇಲಿತ್ತು. ಮೆಟ್ಟಿಲ ಮೇಲೆ ಒಂದು ಕಾಲೆಳೆಯುವ ಹೆಜ್ಜೆ ಕೇಳಿದಾಗ ಅವಳು ಬೋರ್ಡಿನ ಅಂಕಿಗಳನ್ನು ಅಳಿಸುತ್ತಿದ್ದಳು.

"ಬೆಳಗ್ಗೆ ಏನು ಹೇಳಿದೆ ಅಂತ ಗೊತ್ತಾಯ್ತು" ಎಂದ ವೆಂಡೆಲ್, ಬಾಗಿಲಲ್ಲೇ ನಿಂತು.

"ಕೋಪ ಹೋಯ್ತಾ?"

"ಇಲ್ಲ. ಇನ್ನೂ ಸ್ವಲ್ಪ ದಿನ ಇರುತ್ತೆ."

"ಇರಲಿ."

"ಆದ್ರೆ ಕೋಪ ಇಟ್ಕೊಂಡು ಒಬ್ಬನೇ ಊಟ ಮಾಡೋದು ಇದ್ಯಲ್ಲ... ನಾಲ್ಕು ದಿನಕ್ಕೇ ಸಾಕಾಯ್ತು." ಅವನು ಒಳಗೆ ಬಂದ. "ಒಂದು ಮಾತ್ರ ನೀನು ಹೇಳ್ಲಿಲ್ಲ. ಆವತ್ತು ಯಾಕೆ ಒತ್ತಲಿಲ್ಲ?"

ಅವಳು ಅವನತ್ತ ತಿರುಗಿದಳು. "ನೀನು ಬಿದ್ದಿದ್ದೆ. ಏಳ್ತೀಯೋ ಇಲ್ವೋ ಅಂತ ನೋಡ್ತಿದ್ದೆ. ಬೇರೇನೂ ಕಾಣಲಿಲ್ಲ."

ವೆಂಡೆಲ್ ಕಿಟಕಿಯ ಹತ್ತಿರ ಹೋಗಿ ನಿಂತ. ಅವನ ಭುಜ ಒಮ್ಮೆ ಅಲುಗಿದ್ದು ಅವಳಿಗೆ ಕಂಡಿತು.

"ಮೂರು ಸಲ ಕೇಳಿದೀನಿ, ಡೆಲ್ಫಿನ್. ಇನ್ನು ಕೇಳಿದ್ರೆ ಅದು ಎಷ್ಟನೇದು?"

"ನಾಲ್ಕನೇದು."

"ಬಾಯಲ್ಲಿ ಹೇಳಿದ್ರೆ ಸಾಲದು. ಬೋರ್ಡಲ್ಲಿ ಹಾಕು."

ಅವಳು ಗುಂಡಿ ಒತ್ತಿದಳು. ಖಾಲಿ ಮೈದಾನದ ಆಚೆ, ಕಪ್ಪು ಬೋರ್ಡಿನಲ್ಲಿ ಒಂದೇ ಒಂದು ಅಂಕಿ ಹೊತ್ತಿಕೊಂಡಿತು. ನಾಲ್ಕು.

ವೆಂಡೆಲ್ ಅದನ್ನು ನೋಡುತ್ತ ನಿಂತ. ಅವಳಿಗೆ ಅಳುವಿನ ನಡುವೆಯೇ ನಗು ಬಂತು.

"ಬೋರ್ಡ್ ನಂಬ್ಕೊಂಡು ಕೆಟ್ಟವನು ನೀನು. ಈ ಸಲನಾದ್ರೂ ಕಂಬ ನೋಡಲ್ವಾ?"

ಅವನು ಕೆಳಗೆ ಬಗ್ಗಿ ನೋಡಿದ. ಮೈದಾನದ ಅಂಚಿನಲ್ಲಿ, ಕಂಬ ಹಿಡಿದವನು ನಿಲ್ಲುವ ಜಾಗದಲ್ಲಿ, ಆರಿನ್ ಟೋಪಿ ತೆಗೆದು ಬೋರ್ಡನ್ನೇ ನೋಡುತ್ತಿದ್ದರು. ಆಮೇಲೆ ಗಾಜಿನ ಕೋಣೆಯ ಕಡೆ ತಿರುಗಿ ನಿಧಾನವಾಗಿ ಕೈ ಎತ್ತಿ, ನಾಲ್ಕು ಬೆರಳು ಬಿಡಿಸಿದರು.

"ನೋಡಿದೆ. ಅಲ್ಲೂ ನಾಲ್ಕೇ ಇದೆ" ಎಂದ ವೆಂಡೆಲ್, ಅವಳ ಕೈ ಹಿಡಿದು. "ನನ್ನ ಮದುವೆ ಆಗ್ತೀಯಾ?"

"ಆಗ್ತೀನಿ" ಎಂದಳು ಡೆಲ್ಫಿನ್.