ಕೋಟಿಯ ಏಳು ಸೊನ್ನೆ

ಐದನೆಯ ಟ್ರಂಕಿನ ಮುಚ್ಚಳ ತೆರೆದಿತ್ತು. ಜಪದ ವಹಿಗಳೆಲ್ಲ ಇದ್ದವು; ಕೊನೆಯದೊಂದು ಮಾತ್ರ ಇರಲಿಲ್ಲ.

ಇಪ್ಪತ್ತೆಂಟು ವರ್ಷ ಬಸವಣ್ಣೆವ್ವ ದಿನವೂ ಕೂತು ಶಿವನಾಮ ಬರೆದ ವಹಿಗಳವು. ನಾಳೆ ಭಜನಾ ಮಂಡಳದಲ್ಲಿ ಸಮರ್ಪಣೆ. ಎಷ್ಟಾಯಿತೆಂದು ಬಾಯಿಬಿಟ್ಟು ಹೇಳಬಾರದೆಂಬುದು ಆಕೆಯ ವ್ರತ. ಒಟ್ಟು ಸಂಖ್ಯೆ ಇದ್ದದ್ದು ಆ ಕೊನೆಯ ವಹಿಯ ಕಡೆಯ ಹಾಳೆಯಲ್ಲೊಂದೇ.

ಸದಾಶಿವ ಪೇಠದ ಆ ವಾಡೆಯ ಕೆಳಮನೆಯಲ್ಲಿ ಗಣಿತದ ಕ್ಲಾಸು ನಡೆಸುವ ಮಲಕಪ್ಪ ಮಾಸ್ತರು ಮಹಡಿಯ ಮೇಲಿನ ಬಸವಣ್ಣೆವ್ವನ ಮನೆಗೆ ಬರುವಷ್ಟರಲ್ಲಿ ವಹಿ ಸಿಕ್ಕಿತ್ತು—ಸೊಸೆ ಶೀತಲಳ ಸ್ಕೂಟರಿನ ಬೀಗ ಕೆಟ್ಟ ಡಿಕ್ಕಿಯಲ್ಲಿ! ಹುಡುಕಿ ತಂದವನು ಮಂಡಳದ ಕಾರ್ಯದರ್ಶಿ ಬಸವಲಿಂಗ.

"ಡಿಕ್ಕಿಯೊಳಗ ಅದ ಅಂತ ಹೆಂಗ ಹೊಳೀತ್ರಿ?" ಮಾಸ್ತರು ಅವನನ್ನು ಕೇಳಿದರು.

"ಟ್ರಂಕಿನ ಕೀಲಿ ಯಾರ ಹತ್ರ ಇರ್ತದ್ರಿ, ಮಾಸ್ತರ? ಅತ್ತಿಯವ್ರಿಗೆ ನಾಕು ಮಂದಿ ಕೈ ಮುಗಿಯೂದು ಸೊಸಿಗೆ ಸೇರಂಗಿಲ್ಲ."

"ನಿನ್ನೆ ಫೋಟೋ ತಗೀಬೇಕಂತ ಕೀಲಿ ಇಸಗೊಂಡಿದ್ರಲ್ಲರೀ ನೀವು!" ಎಂದಳು ಶೀತಲ್.

"ತಗದೆ, ಕೀಲಿ ಕೊಟ್ಟೆ."

ಅತ್ತೆ ಮಾತ್ರ ಸೊಸೆಯ ಮುಖ ನೋಡಿರಲಿಲ್ಲ. ಶೀತಲಳ ಕಣ್ಣು ತುಂಬಿತು.

ಮಲಕಪ್ಪ ವಹಿ ತಿರುವಿದರು. ಕೊನೆಯ ಹಾಳೆ ಕಿತ್ತುಹೋಗಿತ್ತು. ಒಳರಟ್ಟಿನ ಮೇಲೆ ದಪ್ಪ ಅಂಕಿ—1,00,00,000.

"ಅದು ನಂದಲ್ಲಪಾ," ಎಂದಳು ಬಸವಣ್ಣೆವ್ವ.

"ಕಣ್ಣಿನ ಆಪರೇಷನ್ ಆದಮ್ಯಾಲ ಅಜ್ಜಿಗೆ ಮರವು, ಮಾಸ್ತರ," ಎಂದ ಬಸವಲಿಂಗ.

ಮಲಕಪ್ಪ ಕನ್ನಡಕ ಒರೆಸಿಕೊಂಡರು. "ಇಬ್ಬರಿಗೂ ಒಂದ ಪ್ರಶ್ನಿ. ಕೋಟಿ ಮುಗಿದ ದಿನ ಈ ಅಕ್ಕಾರು ಏನು ಅಂಕಿ ಬರೀತಾರ?"

ಬಸವಲಿಂಗ ನಕ್ಕ. "ಒಂದರ ಮುಂದ ಏಳು ಸೊನ್ನಿ! ಇದಕ್ಕೂ ಮಾಸ್ತರ ಬೇಕೇನ್ರಿ?"

ಶೀತಲ್ ಕಣ್ಣೊರೆಸಿಕೊಂಡಳು. "ಸರಿಯಾಗಿ ಕೋಟಿ ಬರಂಗಿಲ್ರಿ, ಸರ್. ಗೆರಿ ಹೊಡದು ಕೊಡಾಕಿ ನಾನ. ಪುಟಕ್ಕ ನೂರಾ ಎಂಟು ಮನಿ, ಮನಿಗೊಂದು ನಾಮ. ಪುಟ ತುಂಬೂತನಕ ಅತ್ತಿ ಚಾನೂ ಮುಟ್ಟಂಗಿಲ್ಲ."

"ಕೇಳಿದ್ರಿ, ಬಸವಲಿಂಗಪ್ಪಾರ? ಒಟ್ಟು ಎಷ್ಟ ಆಗಲಿ, ನೂರಾ ಎಂಟರಿಂದ ಭಾಗ ಹೋಗಬೇಕು. ಅಂದ್ರ ಒಂಬತ್ತರಿಂದನೂ ಹೋಗಬೇಕು—ಅಂಕಿ ಕೂಡಿಸಿದ್ರ ಒಂಬತ್ತರ ಮಗ್ಗಿಯೊಳಗ ಬರಬೇಕು. ನಿಮ್ಮ ಕೋಟಿ ಕೂಡಸ್ರಿ. ಒಂದು! ಉಳದದ್ದೆಲ್ಲಾ ಸೊನ್ನಿ. ಕೋಟಿಗೆ ಅರವತ್ನಾಕು ಕಡಿಮಿ ಇರಬಹುದು, ನಲವತ್ನಾಕು ಹೆಚ್ಚಿರಬಹುದು. ಸರಿಯಾಗಿ ಕೋಟಿ? ಎಂದೂ ಇಲ್ಲ."

"ಅದಕ್ಕ ನಾನೇನ—"

"ಗೆರಿ ಹೊಡದಾಕಿ ಈ ತಪ್ಪು ಮಾಡ್ತಿದ್ದಿಲ್ಲ. 'ಕೋಟಿ ಜಪ ಪೂರ್ಣ' ಅಂತ ಊರತುಂಬ ಪತ್ರಿಕಿ ಹಂಚಿದವ್ರು ಯಾರು? ನಿನ್ನೆ ವಹಿ ತಗದ್ರಿ, ಅಂಕಿ ಕಡಿಮಿ ಕಂಡ್ತು. ಮನಿಗೆ ಒಯ್ದು ಹಾಳಿ ಕಿತ್ತವ್ರೂ, ಡಿಕ್ಕಿಯೊಳಗ ಇಟ್ಟವ್ರೂ ನೀವ!"

ಬಸವಲಿಂಗನ ತಲೆ ಬಾಗಿತು. ಕಿಸೆಯಿಂದ ಮಡಚಿದ ಹಾಳೆಯೊಂದು ಹೊರಬಂತು. "ಮಂಡಳದ ಮರ್ಯಾದಿ ಉಳೀಲಿ ಅಂತ..."

"ಮಂಡಳದ್ದು ಉಳಸಾಕ ಈಕೀದು ಕಳೀತಿದ್ರೇನು?" ಮಾಸ್ತರು ಶೀತಲಳತ್ತ ಕೈ ತೋರಿದರು.

ಬಸವಣ್ಣೆವ್ವ ಹಾಳೆ ಇಸಿದುಕೊಂಡು, ಅಂಕಿ ಯಾರಿಗೂ ಕಾಣದಂತೆ ಎದೆಗೊತ್ತಿದಳು. ಮಲಕಪ್ಪ ಮಾಸ್ತರೂ ಎಷ್ಟೆಂದು ಕೇಳಲಿಲ್ಲ.

ಬೆಳಗಿನಿಂದ ಮೊದಲ ಸಲ ಆಕೆ ಸೊಸೆಯತ್ತ ನೋಡಿದಳು.

"ಗೆರಿ ಹೊಡದು ಕೊಡವಾ. ಇನ್ನೂ ಭಾಳ ಅದ."