ರೆಕ್ಕೆ ಕಟ್ಟಿದ ಘೋಡಿ

“ಅಬಿಡ್ಸ್‌ನಿಂದ ತಂದ ಬೆಳ್ಳಿ ಕಾಗದಕ್ಕ ನಲವತ್ತು, ಗೋಂದಿಗೆ ಇಪ್ಪತ್ತು. ರಟ್ಟು ಪುಕ್ಕಟೆ,” ಎಂದು ಗುರುಶಾಂತ ಸರ್ ಶಾಲೆಯ ನಾಟಕದ ಲೆಕ್ಕ ಬರೆದುಕೊಂಡರು. “ಕುದುರಿಗೂ ಖರ್ಚಿಲ್ಲ. ಘೋಡಿ ಗೋದಾವರಿ ಅಪ್ಪಂದು.”

ಗೋದಾವರಿ ಬಾಯಿ ತೆರೆದಳು. ಮತ್ತೆ ಮುಚ್ಚಿದಳು.

ಘೋಡಿ ಎಂದರೆ ಪೇಂಟರುಗಳು ಹತ್ತುವ, ಎರಡೂ ಕಡೆ ಕಾಲಿರುವ ಏಣಿ. ಅದು ಅಪ್ಪನದಲ್ಲ, ಅವ್ವನದು. ಅಪ್ಪ ಬೇಗಂಪೇಟೆಯ ಒಂದು ಮೆಸ್ಸಿನಲ್ಲಿ ರೊಟ್ಟಿ ಬಡಿಯುತ್ತಾನೆ. ಆದರೆ ಶಾಲೆಗೆ ಸೇರಿದ ದಿನ ಅವಳ ಬ್ಯಾಗಿನ ಮೇಲಿನ ಬಣ್ಣದ ಕಲೆ ನೋಡಿ ಯಾರೋ “ನಿಮ್ಮಪ್ಪ ಪೇಂಟರೇನು?” ಎಂದಾಗ ಅವಳು ಹೂಂ ಎಂದುಬಿಟ್ಟಿದ್ದಳು.

ಈಗ ಆ ಗಿಡ್ಡ ಘೋಡಿಗೆ ರಟ್ಟಿನ ಮುಖ, ಹಳೆ ಸೀರೆಯ ರೆಕ್ಕೆ ಬಂದಿದ್ದವು. ಶನಿವಾರದ ನಾಟಕದಲ್ಲಿ ಅದೇ ಹಾರುವ ಕುದುರೆ. ಅದನ್ನು ಏರಬೇಕೆಂದು ಗೋದಾವರಿಗೆ ವಾರದಿಂದ ಆಸೆ.

“ಸರ್, ಸವಾರಿ ನಾ ಮಾಡ್ಲೇನ್ರಿ?”

ಋಷಭ್ ನಕ್ಕ. ರಾಜಕುಮಾರನ ಪೇಟಾ ಆಗಲೇ ಅವನ ತಲೆ ಮೇಲಿತ್ತು. “ಹಾರೋ ಕುದುರಿ ಹುಡುಗ್ಯಾರು ಓಡಸ್ತಾರೇನು? ನೀ ರಾಜಕುಮಾರಿ. ನಮ್ಮಮ್ಮ ಬೈಕ್ ಹಿಂದ ಕುಂದರ್ತಾಳಲ್ಲ, ಹಂಗ ಒಂದ್ ಸೈಡ್ ಕುಂದ್ರು.”

ಸರ್ ಋಷಭ್‌ನನ್ನು ಮುಂದೆ, ಅವಳನ್ನು ಹಿಂದೆ ಹಾಗೆಯೇ ಕೂರಿಸಿದರು. ಘೋಡಿ ವಾಲಿತು.

“ಬಿದ್ನಿ! ಬಿದ್ನಿ!” ಎಂದು ಋಷಭ್ ಕುದುರೆಯ ಕಿವಿ ಹಿಡಿದ. ಕಿವಿ ಕಿತ್ತು ಕೈಗೆ ಬಂತು. ಸರ್ ಓಡಿಬಂದು ಇಬ್ಬರನ್ನೂ ಹಿಡಿದುಕೊಂಡರು.

ಅಷ್ಟರಲ್ಲಿ ಗೋದಾವರಿಯ ಅವ್ವ ಶಿವದೇವಿ ಬಾಗಿಲಿಗೆ ಬಂದಳು. ಸೀರೆಯ ಮೇಲೆ ಗಂಡಸರ ಅಂಗಿ, ಅಂಗಿಯ ತುಂಬ ಬಣ್ಣದ ಹನಿ, ಕೈಯಲ್ಲಿ ಹಗ್ಗ.

“ಘೋಡಿ ಕಾಲಿಗೆ ಕಟ್ಟೋ ಹಗ್ಗ ಮನ್ಯಾಗ ಉಳದಿತ್ರಿ. ಲಿಂಗಂಪಲ್ಲಿ ಕೆಲಸ ಅರ್ಧಕ್ಕ ಬಿಟ್ಟು ಬಂದೆ. ಹಗ್ಗಿಲ್ಲದ ಹತ್ತಬಾರದು.”

“ನಿಮ್ಮ ಯಜಮಾನ್ರು ಬಂದಿದ್ರ ಚಲೋ ಇತ್ತು ಅಕ್ಕಾರ. ಅವರ ಘೋಡಿ ಅವರಿಗೇ ಗೊತ್ತು,” ಎಂದರು ಸರ್.

ಅವ್ವ ಮಗಳನ್ನು ನೋಡಿದಳು. ಮಗಳು ನೆಲ ನೋಡಿದಳು.

ಅವ್ವ ಹಗ್ಗ ಬಿಗಿದು, ಸೀರೆಗೆ ಕಚ್ಚೆ ಹಾಕಿ, ಘೋಡಿ ಹತ್ತಿ ಎರಡೂ ಕಡೆ ಕಾಲು ಹಾಕಿ ಕೂತಳು. ಸೊಂಟ ಅತ್ತ ಒಮ್ಮೆ, ಇತ್ತ ಒಮ್ಮೆ ತೂಗಿದಳು. ಟಕ್, ಟಕ್, ಟಕ್. ಘೋಡಿ ಒಂದೊಂದೇ ಕಾಲೆತ್ತಿ ನಡೆಯಿತು! ರೆಕ್ಕೆಗಳು ಬಡಿದಾಡಿದವು.

“ಬಾಪ್ ರೇ, ಆಂಟಿ!” ಎಂದ ಋಷಭ್.

“ಇಳೀದನ ಇಡೀ ಗ್ವಾಡಿಗೆ ಬಣ್ಣ ಹಚ್ಚಿ ಮುಗಸ್ಬೇಕಂದ್ರ ಹಿಂಗ ನಡಸ್ಬೇಕು. ನೀವು ನಡಸೂದು ಬ್ಯಾಡ, ಸುಮ್ನ ಕುಂದರ್ರಿ. ಒಂದ್ ಸೈಡ್ ಕುಂತ್ರ ಯಾರಾದ್ರೂ ಬೀಳ್ತಾರ.”

ಋಷಭ್ ಘೋಡಿಯ ಎತ್ತರ ನೋಡಿದ. “ಸರ್, ಗೋದಾವರಿ ಕುಂದರ್ಲಿ. ನಾ ಕೆಳಗ ಹಿಡ್ಕೋತೀನಿ. ಆದ್ರ ಪೇಟಾ ಕೊಡಂಗಿಲ್ಲ.”

ಗೋದಾವರಿ ಎರಡು ಮೆಟ್ಟಿಲು ಹತ್ತಿ ನಿಂತಳು. “ಸರ್, ಲೆಕ್ಕದಾಗ ತಪ್ಪೈತ್ರಿ. ಘೋಡಿ ಅಪ್ಪಂದಲ್ಲ, ನಮ್ಮವ್ವಂದು. ಅಪ್ಪ ರೊಟ್ಟಿ ಮಾಡ್ತಾನ್ರಿ.”

ಸರ್ ಒಂದು ಗೆರೆ ಹೊಡೆದು ತಿದ್ದಿ ಬರೆದರು: ಘೋಡಿ – ಶಿವದೇವಿ, ಪೇಂಟರ್.

ಶನಿವಾರ ನಾಟಕ ಮುಗಿದ ಮೇಲೆ ಅವ್ವ ಒಂದು ತುದಿ, ಗೋದಾವರಿ ಒಂದು ತುದಿ ಹಿಡಿದು ಘೋಡಿ ಹೊತ್ತರು. ಇದು ಯಾರದೆಂದು ಯಾರಾದರೂ ಕೇಳಲಿ ಎಂದು ಗೋದಾವರಿ ದಾರಿಯುದ್ದಕ್ಕೂ ಕಾದಳು. ಯಾರೂ ಕೇಳಲಿಲ್ಲ.

ಅವ್ವನ ಅರ್ಧ ದಿನದ ಕೂಲಿ ಹೋಗಿತ್ತು. ಕುದುರೆಯ ಒಂದು ಕಿವಿ ಹೋಗಿತ್ತು. ಗೋದಾವರಿಗೆ ಪೇಟಾ ಸಿಗಲಿಲ್ಲ, ಕುದುರೆ ಸಿಕ್ಕಿತು.